ಅಜ್ಜ-ಅಜ್ಜಿ ಕಾಲದ ಫೋಟೋ ಹಾಕಿದ್ರೆ ಲೈಕ್ ಒತ್ತಿ ಮುಂದೆ ಹೋಗ್ತಾರೆ, ಕಥೆ ಹೇಗೆ ಹೇಳೋದು?

ಹಳೇಆಲ್ಬಮ್:
ನಮ್ಮನೇಲಿ ಮೂರು ತಲೆಮಾರಿನ ಫೋಟೋಗಳಿವೆ, ಹೆಚ್ಚಿನವು ಕಪ್ಪು-ಬಿಳುಪು, ಕೆಲವು ದಪ್ಪ ರಟ್ಟಿಗೆ ಅಂಟಿಸಿರೋವು. ಸ್ಕ್ಯಾನ್ ಮಾಡಿ ಇನ್‌ಸ್ಟಾಗ್ರಾಮ್‌ಗೆ, ಫೇಸ್‌ಬುಕ್‌ಗೆ ಹಾಕ್ತಿದೀನಿ. "ನಮ್ಮ ಮುತ್ತಜ್ಜಿ" ಅಂತ ಬರೆದು ಹಾಕಿದ್ರೆ ಒಂದಷ್ಟು ಹಾರ್ಟ್ ಬರುತ್ತೆ, ಯಾರೋ "ವಾವ್" ಅಂತಾರೆ, ಅಲ್ಲಿಗೆ ಮುಗೀತು. ನಂಗೆ ಬೇಕಿರೋದು ಅದಲ್ಲ, ಇವರು ಹೀಗಿದ್ರು ಹೀಗೆ ಬದುಕಿದ್ರು ಅಂತ ಕಸಿನ್‌ಗಳ ಮಕ್ಕಳಿಗಾದ್ರೂ ಅನ್ನಿಸ್ಬೇಕು. ಎಐ ಹಾಕಿ ಮುಖ ಅಲ್ಲಾಡಿಸು, ಕಲರ್ ಮಾಡು ಅಂತ ಕೆಲವರು ಹೇಳ್ತಿದಾರೆ, ಮಾಡ್ಬೋದಾ? ಇನ್ನೊಂದು ಏನಂದ್ರೆ ನಂಗೆ ಗೊತ್ತಿರೋ ಕಥೆನೇ ಕಮ್ಮಿ, ಎಷ್ಟೋ ಫೋಟೋಲಿ ಯಾರಿದಾರೆ ಅಂತಾನೂ ಗೊತ್ತಿಲ್ಲ.

ನೆಗೆಟಿವ್‌ಪ್ರಿಂಟ್:
ಒಂದು ಪೋಸ್ಟಿಗೆ ಒಂದೇ ಫೋಟೋ, ಅದರಲ್ಲೂ ಒಂದೇ ವಿಷಯ ಹಿಡ್ಕೊಳಿ. ಮೊದಲು ಸ್ಕ್ಯಾನ್‌ನ ದೊಡ್ಡದು ಮಾಡ್ಕೊಂಡು ಮೂಲೆ ಮೂಲೆ ನೋಡಿ, ಕೈಗಳನ್ನ ನೋಡಿ, ಕಾಲುಗಳನ್ನ ನೋಡಿ. ಮುಖ ಎಲ್ಲರೂ ಕ್ಯಾಮೆರಾಗೆ ಅಂತ ಸರಿ ಮಾಡ್ಕೊಂಡಿರ್ತಾರೆ, ಕೈ ಮರೆತುಬಿಟ್ಟಿರ್ತಾರೆ. "ಇವರು ಇಂಥ ವರ್ಷ ಹುಟ್ಟಿದ್ರು" ಅಂತ ಶುರು ಮಾಡಿದ್ರೆ ಅರ್ಜಿ ಫಾರಂ ಓದಿದ ಹಾಗಾಗುತ್ತೆ, ಅದರ ಬದ್ಲು "ಎಡಗಡೆಯಿಂದ ಎರಡನೇ ಹುಡುಗಿ ಮುಷ್ಟಿ ಬಿಗಿ ಹಿಡ್ಕೊಂಡಿದಾಳೆ ನೋಡಿ" ಅಂತ ಶುರು ಮಾಡಿ, ಓದೋರ ಕಣ್ಣು ತಾನಾಗೇ ಆ ಮುಷ್ಟಿಗೆ ಹೋಗುತ್ತೆ. ಮೊದಲನೇ ಸ್ಲೈಡಲ್ಲಿ ಆ ಕೈ ಮಾತ್ರ ಕ್ರಾಪ್ ಮಾಡಿ ಹಾಕಿ, ಎರಡನೇದ್ರಲ್ಲಿ ಪೂರ್ತಿ ಫೋಟೋ, ಮೂರನೇದು ಫೋಟೋದ ಹಿಂಭಾಗ, ಅಲ್ಲಿ ಯಾರದ್ದಾದ್ರೂ ಕೈಬರಹ ಇದ್ರೆ ಅದಕ್ಕಿಂತ ಬೇರೆ ಕ್ಯಾಪ್ಷನ್ನೇ ಬೇಡ.
ಯಾರು ಅಂತ ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತಾನೇ ಬರೀರಿ. ಗುರುತು ಸಿಕ್ಕಿದವರು ತಾವಾಗೇ ಬಂದು ಹೇಳ್ತಾರೆ, ದೂರದ ನೆಂಟರು ಹಾಗೇ ಸಿಗೋದು.

ಕತ್ತಲಕೋಣೆ:
ಮುಖ ಅಲ್ಲಾಡಿಸೋದು ದಯವಿಟ್ಟು ಬೇಡ ಅಂತೀನಿ. 2021ರಲ್ಲಿ ಮೈಹೆರಿಟೇಜ್ ಅನ್ನೋ ವಂಶಾವಳಿ ವೆಬ್‌ಸೈಟ್‌ನವರು ಹಳೇ ಫೋಟೋದ ಮುಖ ಅಲ್ಲಾಡಿಸೋ ಡೀಪ್ ನಾಸ್ಟಾಲ್ಜಿಯಾ ಅಂತ ತಂದಾಗಿಂದ ಇದು ಎಲ್ಲಾ ಕಡೆ ಹಬ್ಬಿದೆ, ಆದ್ರೆ ಅದು ಮೊದಲೇ ರೆಕಾರ್ಡ್ ಮಾಡಿಟ್ಟ ಬೇರೆ ಯಾರದ್ದೋ ಚಲನೇನ ನಿಮ್ಮ ಫೋಟೋ ಮೇಲೆ ಕೂರಿಸೋದು. ಅಂದ್ರೆ ಆ ತಲೆ ವಾಲಿಸೋದು, ಆ ನಗು ನಿಮ್ಮ ಮುತ್ತಜ್ಜಿದಲ್ಲ. ಅವರನ್ನ ನೋಡೇ ಇರದ ಮಗು ಅದನ್ನೇ ಅವರ ನಗು ಅಂತ ನೆನಪಿಟ್ಕೊಳುತ್ತೆ, ನಂಗೆ ಅದೇ ಸಂಕಟ.
ಕಲರ್ ಮಾಡೋದೂ ಅಷ್ಟೇ. ಹಳೇ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬೆಳಕು ಕಾಣ್ತಾನೇ ಇರಲಿಲ್ಲ, ಗಾಢ ಕೆಂಪು ಬಟ್ಟೆ ಅದರಲ್ಲಿ ಹೆಚ್ಚುಕಮ್ಮಿ ಕಪ್ಪಾಗೇ ಬರುತ್ತೆ, ತಿಳಿ ನೀಲಿ ಬೆಳ್ಳಗಾಗುತ್ತೆ. ಎಲ್ಲಾ ಬಣ್ಣ ಹಿಡಿಯೋ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂದಿದ್ದು ಆಮೇಲೆ, ಅದ್ರಲ್ಲೂ ಉಳಿಯೋದು ಬರೀ ಬೂದು ಛಾಯೆ, ಅದು ಯಾವ ಬಣ್ಣದ್ದು ಅಂತ ಆ್ಯಪ್‌ಗೆ ಹೇಗೆ ಗೊತ್ತಾಗ್ಬೇಕು? ಊಹೆ ಮಾಡುತ್ತೆ. ಮಾಡ್ಲೇಬೇಕು ಅನ್ಸಿದ್ರೆ ಪಕ್ಕದಲ್ಲೇ ಮೂಲ ಫೋಟೋ ಹಾಕಿ, ಬಣ್ಣ ಊಹೆ ಅಂತ ಚಿತ್ರದ ಮೇಲೇ ಬರೀರಿ, ಕ್ಯಾಪ್ಷನ್‌ನಲ್ಲಿ ಬರೆದ್ರೆ ಫಾರ್ವರ್ಡ್ ಆಗೋವಾಗ ಉದುರಿ ಹೋಗುತ್ತೆ.

ದೊಡ್ಡಮ್ಮನಮಗಳು:
ಕಥೆ ಕಮ್ಮಿ ಅಂದ್ರಲ್ಲ, ಮನೇಲಿ ವಯಸ್ಸಾದವರು ಇನ್ನೂ ಇದ್ರೆ ಪೋಸ್ಟ್ ಎಲ್ಲಾ ಬಿಟ್ಟು ಮೊದಲು ಅವರ ಹತ್ರ ಕೂತ್ಕೊಳಿ. "ಇದು ಯಾರು" ಅಂತ ಕೇಳಿದ್ರೆ ಹೆಸರು ಹೇಳಿ ಸುಮ್ನಾಗ್ತಾರೆ. "ಇವರ ಧ್ವನಿ ಹೇಗಿತ್ತು", "ಫೋಟೋ ತೆಗೆಯೋವಾಗ ಪಕ್ಕದಲ್ಲಿ ಯಾರು ನಿಂತಿದ್ರು" ಅಂತ ಕೇಳಿ. ನಮ್ಮ ದೊಡ್ಡಮ್ಮ ಒಂದು ಫೋಟೋ ನೋಡಿ ನಮ್ಮ ಚಿಕ್ಕಪ್ಪ ಅಂತ ಹೇಳಿ ಸುಮ್ನೆ ಕೂತಿದ್ರು, ಕೈಲಿರೋ ವಾಚ್ ತೋರಿಸಿದ ಕೂಡ್ಲೇ "ಅದು ಅವನದ್ದಲ್ಲ ಕಣೇ, ಫೋಟೋಗೆ ಅಂತ ಅಣ್ಣಂದು ಕಟ್ಕೊಂಡಿದ್ದ, ಆಮೇಲೆ ವಾಪಸ್ ಕೊಡಕ್ಕೆ ಒಪ್ಲಿಲ್ಲ" ಅಂದು ಅಲ್ಲಿಂದ ಇಬ್ಬರ ಜಗಳ, ಮಾತು ಬಿಟ್ಟಿದ್ದು, ಮತ್ತೆ ಒಂದಾಗಿದ್ದು ಎಲ್ಲಾ ಬಂತು. ಅವರ ಒಪ್ಪಿಗೆ ಕೇಳಿ ಫೋನಲ್ಲೇ ರೆಕಾರ್ಡ್ ಮಾಡಿದ್ದೆ. ಅಲ್ಲಾಡದ ಫೋಟೋ ಮೇಲೆ ಆ ಧ್ವನಿ ಹಾಕಿ ವಾಚ್ ಕಡೆಗೆ ನಿಧಾನಕ್ಕೆ ಝೂಮ್ ಮಾಡಿ ರೀಲ್ ಮಾಡಿದ್ವಿ, ಮಕ್ಕಳು ಮತ್ತೆ ಮತ್ತೆ ಕೇಳಿದ್ರು.
ಇಬ್ಬರು ಎರಡು ಥರ ಹೇಳಿದ್ರೆ ಎರಡನ್ನೂ ಹಾಕಿ, ಸರಿ ಯಾವುದು ಅಂತ ನೀವು ತೀರ್ಮಾನ ಮಾಡೋಕೆ ಹೋಗ್ಬೇಡಿ.

ರಟ್ಟುಪೆಟ್ಟಿಗೆ:
ರಟ್ಟಿಗೆ ಅಂಟಿಸಿರೋವನ್ನ ಅಳತೆ ಮಾಡಿ. ಸುಮಾರು ಎರಡೂವರೆಗೆ ನಾಲ್ಕು ಇಂಚು ಇದ್ರೆ ಕಾರ್ಟ್ ಡಿ ವಿಸಿಟ್ (ವಿಸಿಟಿಂಗ್ ಕಾರ್ಡ್ ಥರದ ಚಿಕ್ಕ ರಟ್ಟಿನ ಫೋಟೋ) ಇರ್ಬೋದು, 1854ರಲ್ಲಿ ಪ್ಯಾರಿಸ್‌ನ ಫೋಟೋಗ್ರಾಫರ್ ಡಿಸ್ಡೆರಿ ಪೇಟೆಂಟ್ ತಗೊಂಡ ಅಳತೆ ಅದು. ನಾಲ್ಕೂಕಾಲಿಗೆ ಆರೂವರೆ ಇದ್ರೆ ಕ್ಯಾಬಿನೆಟ್ ಕಾರ್ಡ್, ಅಂದ್ರೆ ಅದೇ ಥರದ ದೊಡ್ಡ ರಟ್ಟಿನ ಫೋಟೋ, ಅದು 1860ರ ದಶಕದಿಂದ. ಇದ್ರಿಂದ ಇದೇ ವರ್ಷ ಅಂತ ಹೇಳಕ್ಕಾಗಲ್ಲ, ಆದ್ರೆ ಸ್ಟುಡಿಯೋ ಹೆಸರು ಅಚ್ಚಾಗಿದ್ರೆ ಹುಡುಕೋಕೆ ಒಂದು ದಾರಿ ಸಿಗುತ್ತೆ. ರಟ್ಟಿಂದ ಕೀಳೋಕೆ ಮಾತ್ರ ಹೋಗ್ಬೇಡಿ. 600 ಡಿಪಿಐ (ಇಂಚಿಗೆ 600 ಚುಕ್ಕಿ), ಟಿಫ್ ಅನ್ನೋ ಗುಣಮಟ್ಟ ಉಳಿಸೋ ಫೈಲ್, ಹಿಂದೆ ಮುಂದೆ ಎರಡೂ ಸ್ಕ್ಯಾನ್ ಮಾಡಿ, ಪೋಸ್ಟ್‌ಗೆ ಬೇರೆ ಚಿಕ್ಕ ಕಾಪಿ ಇಟ್ಕೊಳಿ, ಯಾಕಂದ್ರೆ ಈ ಆ್ಯಪ್‌ಗಳು ಚಿತ್ರನ ಹಿಂಡಿಬಿಡ್ತವೆ.
ಬದುಕಿರೋರ ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಪಬ್ಲಿಕ್ ಪೋಸ್ಟಲ್ಲಿ ಬೇಡ, ಎಷ್ಟೋ ಕಡೆ ಪಾಸ್‌ವರ್ಡ್ ಮರೆತಾಗ ಕೇಳೋ ಪ್ರಶ್ನೆಗಳೇ ಇವು.

ಹಳೇಆಲ್ಬಮ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಎಐ ವಿಚಾರ ಬಿಟ್ಟೆ. ಇನ್ನೊಂದೇ ಪ್ರಶ್ನೆ. ಒಂದು ಗುಂಪು ಫೋಟೋಲಿ ಒಬ್ಬರ ಮುಖ ಮಾತ್ರ ಯಾರೋ ಬ್ಲೇಡಲ್ಲಿ ಕೆರೆದಿದಾರೆ. ಹಾಕ್ಬೋದಾ?

ದೊಡ್ಡಮ್ಮನಮಗಳು:
ಈಗ್ಲೇ ಬೇಡ. ಕೆರೆದಿರೋದನ್ನ ರಿಪೇರಿ ಮಾಡದೆ ಹಾಗೇ ಸ್ಕ್ಯಾನ್ ಮಾಡಿಡಿ, ಅದೂ ಆ ಫೋಟೋದ ಕಥೆನೇ. ಮನೆಯವರ ಗುಂಪಲ್ಲೂ ಹಾಕ್ಬೇಡಿ, ಮೊದಲು ಹಿರಿಯರೊಬ್ಬರಿಗೆ ಒಂಟಿಯಾಗಿ ತೋರಿಸಿ, ಹೇಳ್ಬೇಕು ಅನ್ಸಿದ್ರೆ ಹೇಳ್ತಾರೆ. ಆ ನೋವು ಇನ್ನೂ ಯಾರಿಗಾದ್ರೂ ಇದ್ರೆ ಪಬ್ಲಿಕ್ ಆಗಿ ಹಾಕೋ ಹಕ್ಕು ನಮಗಿಲ್ಲ ಅಂತ ನನ್ನ ಅಭಿಪ್ರಾಯ.