ಡ್ಯೂಟಿ ಇಲ್ಲಿ, ಅಮ್ಮ ಊರಲ್ಲಿ, ನಡುವೆ ಎಲ್ಲರ ಫೋನು

ಪ್ರಶ್ನೆ: ಇಂಗ್ಲೆಂಡಿನಲ್ಲಿ ಸ್ಟಾಫ್ ನರ್ಸ್. ವಾರಕ್ಕೆ ಮೂರು ಶಿಫ್ಟ್, ಒಂದೊಂದು ಹನ್ನೆರಡೂವರೆ ಗಂಟೆ, ಅದರಲ್ಲಿ ನೈಟ್ಸೂ ಸೇರಿವೆ. ಗಂಡ, ಆರು ವರ್ಷದ ಮಗ ಜೊತೆಗಿದ್ದಾರೆ. ಊರಲ್ಲಿ ಅಮ್ಮನಿಗೆ ಇನ್ಸುಲಿನ್ ಶುರುವಾಗಿದೆ, ಚುಚ್ಚುವುದು ಪಕ್ಕದ ಮನೆಯ ಚಿಕ್ಕಮ್ಮ. ಇಲ್ಲಿನ ಕನ್ನಡದವರು ಮೈ ಬಿಸಿಯಾದರೂ ನನಗೇ ಫೋನ್ ಮಾಡುತ್ತಾರೆ, ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಮುಂದಿನ ವರ್ಷ ರಿವ್ಯಾಲಿಡೇಷನ್, ಅಂದರೆ ಮೂರು ವರ್ಷಕ್ಕೊಮ್ಮೆ ನರ್ಸ್ ನೋಂದಣಿ ನವೀಕರಣ. ನೀವೆಲ್ಲ ಹೇಗೆ ತೂಗಿಸುತ್ತೀರಿ?

ಉತ್ತರ 1
ಸಿಸ್ಟರ್, ಮೊದಲು ಅಮ್ಮನ ವಿಷಯ. ಊರಿನ ಗ್ಲುಕೋಮೀಟರ್ ತೋರಿಸುವುದು ಮಿಲಿಗ್ರಾಂ, ನಿಮ್ಮ ವಾರ್ಡಿನದು ಮಿಲಿಮೋಲ್. 18ರಿಂದ ಭಾಗಿಸಬೇಕು: 180 ಅಂದರೆ 10, 72 ಅಂದರೆ 4. ನೈಟ್ ಮುಗಿಸಿದ ತಲೆಗೆ ಈ ಭಾಗಾಕಾರ ಕೊಡಬೇಡಿ, ಬರೆದು ಫ್ರಿಜ್‌ಗೆ ಅಂಟಿಸಿ. ಚಿಕ್ಕಮ್ಮನಿಗೆ ಊರಿನ ಅಂಕಿಯಲ್ಲೇ ಹೇಳಿ. 70ಕ್ಕಿಂತ ಕೆಳಗೆ ಬಂದರೆ ನಿಮ್ಮ ಫೋನಿಗೆ ಕಾಯದೆ ಮೂರು-ನಾಲ್ಕು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108.

ಇಲ್ಲಿ ದುಡಿಯುವವರ ಕಣ್ಣಿಗೆ ಬೀಳದ ಇನ್ನೊಂದು ಅಪಾಯವಿದೆ. ಇಲ್ಲಿ ನಮ್ಮ ಕೈಗೆ ಬರುವ ಇನ್ಸುಲಿನ್ ವಯಲ್ (ಸಣ್ಣ ಬಾಟಲಿ) ಮಿಲಿಲೀಟರಿಗೆ 100 ಯೂನಿಟ್‌ನದು. ಊರಲ್ಲಿ 40ರದ್ದೂ ಸಿಗುತ್ತದೆ, 100ರದ್ದೂ ಸಿಗುತ್ತದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ. ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚಾಗಬಹುದು, ಇಲ್ಲವೇ ಅಷ್ಟೇ ಪಟ್ಟು ಕಡಿಮೆಯಾಗಬಹುದು. ವಯಲ್, ಸಿರಿಂಜ್ ಅಕ್ಕಪಕ್ಕ ಇಟ್ಟು ಫೋಟೊ ಕಳಿಸಲು ಇವತ್ತೇ ಹೇಳಿ.

ಉತ್ತರ 2
ಬೆಳಗ್ಗೆ 8ಕ್ಕೆ ನೈಟ್ ಮುಗಿದಾಗ ಊರಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 1.30, ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ 12.30. ಅಮ್ಮನ ಫೋನಿಗೆ ಬಸ್ಸಿನಲ್ಲಿ ಹತ್ತು ನಿಮಿಷ ಇಡಿ, ಕಾರು ಓಡಿಸುವವರಾದರೆ ಹೊರಡುವ ಮೊದಲು ಮುಗಿಸಿ. ಮನೆಗೆ ಬಂದ ಮೇಲೆ ಫೋನ್ ಮೌನ. ಆ ಮೌನ ದಾಟಿ ಎರಡೇ ನಂಬರ್ ರಿಂಗ್ ಆಗಲಿ: ಗಂಡನದು, ಊರಲ್ಲಿ ಒಬ್ಬರದು. ಊರಿನ ಐದು ಜನಕ್ಕೆ ಈ ರಿಯಾಯಿತಿ ಕೊಟ್ಟರೆ ಐವರೂ ಒಂದೇ ಸುದ್ದಿ ಹೇಳಲು ಎಬ್ಬಿಸುತ್ತಾರೆ. ನೈಟ್ಸ್ ಶುರುವಾಗುವ ಸಂಜೆ ಒಂದೂವರೆ ಗಂಟೆ ನಿದ್ದೆ ತೆಗೆದರೆ ಬೆಳಗಿನ ಜಾವದ ತೂಕಡಿಕೆ ಕಡಿಮೆ.

ಮಗನ ಶಾಲೆಗೆ ರೋಸ್ಟರ್ ಹೊಂದದಿದ್ದರೆ ಮ್ಯಾನೇಜರ್ ಹತ್ತಿರ ಬಾಯಲ್ಲಿ ಹೇಳಿ ಬಿಡಬೇಡಿ. ಫ್ಲೆಕ್ಸಿಬಲ್ ವರ್ಕಿಂಗ್ (ಕೆಲಸದ ವೇಳೆ ಬದಲಿಸಿಕೊಳ್ಳುವ) ಅರ್ಜಿಯನ್ನು ಬರಹದಲ್ಲೇ ಕೊಡಿ. 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ದಿನದಿಂದಲೇ ಆ ಹಕ್ಕಿದೆ, ವರ್ಷಕ್ಕೆ ಎರಡು ಸಲ ಕೇಳಬಹುದು, ಎರಡು ತಿಂಗಳೊಳಗೆ ತೀರ್ಮಾನ ಹೇಳಬೇಕು. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅಂತ ಬರೆದರೆ ಉತ್ತರವೂ ಅಷ್ಟೇ ಸಡಿಲ. ‘ಮಂಗಳವಾರ, ಗುರುವಾರ ನೈಟ್ ಬೇಡ, ವೀಕೆಂಡ್ ನೈಟ್ ಆಗುತ್ತದೆ’ ಎಂದು ಬರೆಯಿರಿ.

ಉತ್ತರ 3
ಬಳಗದವರ ಫೋನಿಗೆ ಬೇಡ ಅನ್ನಬೇಕಿಲ್ಲ, ಆದರೆ ನಿಮ್ಮ ಕೆಲಸ ದಾರಿ ತೋರಿಸುವುದು. ಯಾವಾಗಿನಿಂದ, ಈಗ ಯಾವ ಮಾತ್ರೆ, ಯಾರಿಗಾದರೂ ತೋರಿಸಿದ್ದಾರಾ ಎಂದು ಕೇಳಿ. ಆಮೇಲೆ ಜಿಪಿ (ಅವರ ಕುಟುಂಬ ವೈದ್ಯರು), 111 (ಆರೋಗ್ಯ ಸಲಹೆಯ ಫೋನ್) ಅಥವಾ 999 (ತುರ್ತು ಆಂಬುಲೆನ್ಸ್). ಎದೆನೋವು, ಸೊಟ್ಟ ಬಾಯಿ, ಸೋತ ಕೈ, ತೊದಲು ಮಾತು ಕಂಡರೆ ನಿಮಗಿಂತ ಮೊದಲು 999ಕ್ಕೆ ಅಂತ ಎಲ್ಲರಿಗೂ ಮುಂಚೆಯೇ ಹೇಳಿಟ್ಟಿರಿ, ನೀವು ನಿದ್ದೆಯಲ್ಲಿದ್ದಾಗ ಅದೇ ಕಾಪಾಡುತ್ತದೆ. ಊರಿಂದ ತಂದ ಮಾತ್ರೆ ಹಂಚುವುದಂತೂ ಬೇಡ. ಕೆಲಸದ ಹೊರಗೆ ಕೊಟ್ಟ ಸಲಹೆಗೆ ಆಸ್ಪತ್ರೆಯ ವಿಮೆ ಬೆನ್ನಿಗೆ ನಿಲ್ಲುವುದಿಲ್ಲ.

‘ನನ್ನ ರಿಪೋರ್ಟ್ ಬಂತಾ, ಒಂಚೂರು ಕಂಪ್ಯೂಟರಲ್ಲಿ ನೋಡು’ ಅನ್ನುವವರು ಇದ್ದೇ ಇರುತ್ತಾರೆ. ನಿಮ್ಮ ಆರೈಕೆಯಲ್ಲಿ ಇಲ್ಲದವರ ದಾಖಲೆ ತೆರೆದರೆ, ಅವರೇ ಕೇಳಿದ್ದರೂ, ಲಾಗಿನ್ ಜಾಡು ಉಳಿಯುತ್ತದೆ. ಕೆಲಸಕ್ಕೂ ಎನ್‌ಎಂಸಿ (ಇಲ್ಲಿನ ನರ್ಸಿಂಗ್ ಕೌನ್ಸಿಲ್) ನೋಂದಣಿಗೂ ಕುತ್ತು. ಇಂಗ್ಲಿಷ್ ಬಾರದ ಅತ್ತೆ-ಮಾವಂದಿರ ಜೊತೆ ಅನುವಾದಕ್ಕೆ ನೀವೇ ಹೋಗಬೇಕಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ಇಂಟರ್‌ಪ್ರಿಟರ್ ಬೇಕೆಂದು ಹೇಳಿದರೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಉಚಿತವಾಗಿ ಒದಗಿಸಬೇಕು.

ಹಬ್ಬದ ಕಾರ್ಯಕ್ರಮದಲ್ಲಿ ಬಿಪಿ ನೋಡುವ ಮೇಜು ಹಾಕುವುದಾದರೆ ಡೊಳ್ಳಿನ ಪಕ್ಕ ಬೇಡ. ಅರ್ಧ ಗಂಟೆ ಮೊದಲು ಕಾಫಿ ಕುಡಿದಿರಬಾರದು, ಐದು ನಿಮಿಷ ಮಾತಿಲ್ಲದೆ ಕೂತಿರಬೇಕು, ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಸುಳ್ಳೇ ಹೆಚ್ಚು ತೋರಿಸುತ್ತದೆ, ಎರಡು ಅಳತೆಯ ಕಫ್ ಇರಲಿ. 140/90 ದಾಟಿದವರಿಗೆ ಜಿಪಿಗೆ ತೋರಿಸಲು ಆ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡಿ. ನಲವತ್ತು ದಾಟಿದವರಿಗೆ ಇಂಗ್ಲೆಂಡಿನ ಹಲವು ಫಾರ್ಮಸಿಗಳಲ್ಲಿ ಬಿಪಿ ಪರೀಕ್ಷೆ ಉಚಿತ.

ಉತ್ತರ 4
ರಿವ್ಯಾಲಿಡೇಷನ್ನಿಗೆ ಮೂರು ವರ್ಷದಲ್ಲಿ 450 ಗಂಟೆ ಕೆಲಸ, 35 ಗಂಟೆ ಕಲಿಕೆ (20 ಗಂಟೆ ಇತರರ ಜೊತೆ ಸೇರಿ), ಐದು ಫೀಡ್‌ಬ್ಯಾಕ್, ಐದು ರಿಫ್ಲೆಕ್ಟಿವ್ ಬರಹ (ಕೆಲಸದಿಂದ ಏನು ಕಲಿತಿರಿ ಎಂದು ಬರೆಯುವುದು). ಕೆಲಸದ ಗಂಟೆ ತಾನಾಗಿ ತುಂಬುತ್ತದೆ. ಎಡವುವುದು ಆ ಇಪ್ಪತ್ತರಲ್ಲಿ: ಎಲ್ಲರೂ ಒಬ್ಬರೇ ಕೂತು ಮಾಡುವ ಆನ್‌ಲೈನ್ ಮಾಡ್ಯೂಲ್ ಪೇರಿಸುತ್ತಾರೆ, ಅದು ಲೆಕ್ಕಕ್ಕಿಲ್ಲ. ವಾರ್ಡಿನ ಟೀಚಿಂಗ್ ಸೆಷನ್‌ಗೆ ಕೂತ ದಿನವೇ ದಿನಾಂಕ, ವಿಷಯ ಬರೆದಿಡಿ. ಬರಹದಲ್ಲಿ ರೋಗಿಯ ಹೆಸರು, ಬೆಡ್ ನಂಬರ್ ಬರಬಾರದು.

ಕೇಳಿದವರು
ಫೋಟೊ ಬಂತು. ವಯಲ್ 40ರದ್ದು, ಸಿರಿಂಜಿನ ಮುಚ್ಚಳ ಕಿತ್ತಳೆ.

ಉತ್ತರ 1
ಹಾಗಾದರೆ 10ರ ಗೆರೆಗೆ ಎಳೆದಾಗ ಅಮ್ಮನಿಗೆ ಹೋಗುತ್ತಿರುವುದು 4 ಯೂನಿಟ್. ಆದರೆ ಫೋನಿನಲ್ಲೇ ಕೆಂಪು ಸಿರಿಂಜಿಗೆ ಬದಲಿಸಿಬಿಡಬೇಡಿ. ಶುಗರ್ ಇಳಿಯುತ್ತಿಲ್ಲ ಅಂತ ವೈದ್ಯರು ಈಗಾಗಲೇ ಡೋಸ್ ಏರಿಸಿದ್ದರೆ, ಸರಿಯಾದ ಸಿರಿಂಜಿನಲ್ಲಿ ಅದೇ ಅಂಕಿ ಎಳೆದ ದಿನ ಅಮ್ಮನ ಶುಗರ್ ಕುಸಿಯುತ್ತದೆ. ಮುಂದಿನ ಡೋಸಿಗೆ ಮೊದಲೇ ವಯಲ್, ಸಿರಿಂಜ್, ಚೀಟಿ ಮೂರನ್ನೂ ಹಿಡಿದು ಚಿಕ್ಕಮ್ಮ ವೈದ್ಯರ ಹತ್ತಿರ ಹೋಗಲಿ. ಹೊಸ ಡೋಸನ್ನು ಸಿರಿಂಜಿನ ಬಣ್ಣದ ಸಮೇತ ಬರೆಸಿಕೊಳ್ಳಲಿ.