ಎಲೆಕ್ಷನ್ ಆಗಲಿ ಅಂದವರನ್ನು ನಂಬಿ ಕೂರಬೇಡ

ಪ್ರದೀಪ, ಬೆಳಿಗ್ಗೆ ನೀನು ಮನೆಯವರ ಗ್ರೂಪಿನಲ್ಲಿ ಹಾಕಿದ ಮೆಸೇಜನ್ನು ಮೊಮ್ಮಗಳಿಂದ ಎರಡು ಸಲ ಓದಿಸಿಕೊಂಡೆ. ಹೈಕೋರ್ಟಿನಲ್ಲಿ ಜಡ್ಜ್ ಪೋಸ್ಟ್ ಖಾಲಿ ಇವೆಯಂತೆ, ಎಲೆಕ್ಷನ್ ಬೇರೆ ಹತ್ತಿರ ಬಂತು, ಅಲ್ಲಿವರೆಗೂ ನಾಲೆ ಪಕ್ಕದ ಜಮೀನಿನ ಅಪೀಲು ಬೋರ್ಡಿಗೇ, ಅಂದರೆ ವಿಚಾರಣೆಯ ಪಟ್ಟಿಗೇ, ಬರಲ್ಲ, ಸುಮ್ನೆ ವಕೀಲರಿಗೆ ದುಡ್ಡು ಸುರಿಯಬೇಡಿ, ಎಲೆಕ್ಷನ್ ಆದಮೇಲೆ ನಾವು ನೋಡ್ಕೋತೀವಿ ಅಂತ ಪಕ್ಷದವರೊಬ್ಬರು ಹೇಳಿದರು, ಕಾಯೋಣವಾ ರಾಜಿ ಮಾಡಿಕೊಳ್ಳೋಣವಾ ಅಂತ ಕೇಳಿದ್ದೀಯ. ಟೈಪ್ ಮಾಡಲು ನನ್ನ ಕಣ್ಣು ಬಿಡುವುದಿಲ್ಲ. ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಅರ್ಧಕ್ಕೆ ನಿಲ್ಲಿಸಿ ಹೆಬ್ಬೆಟ್ಟಿನ ಗುರುತು ಒತ್ತಿ ಹೋಗಬೇಡ.

ಸೀಟು ಖಾಲಿ ಇರುವುದೇನೂ ಹೊಸದಲ್ಲ ಕಣಪ್ಪ. ನಮ್ಮ ಹೈಕೋರ್ಟಿಗೆ ಮಂಜೂರಾಗಿರುವುದು 62 ಜಡ್ಜ್‌ಗಳು. ಅಷ್ಟೂ ತುಂಬಿದ ಸುದ್ದಿ ಪೇಪರಿನಲ್ಲಿ ಓದಿದ ನೆನಪೇ ನನಗಿಲ್ಲ. ಅವರಲ್ಲೇ ಬೆಂಗಳೂರಿಗೆ ಇಷ್ಟು, ಧಾರವಾಡಕ್ಕೆ ಇಷ್ಟು, ಕಲಬುರಗಿಗೆ ಇಷ್ಟು ಅಂತ ಹಂಚಬೇಕು. ನಿನಗೆ ಹೇಳಿದವನು ಸುಳ್ಳು ಹೇಳಲಿಲ್ಲ. ಅರ್ಧ ನಿಜ ಹೇಳಿದ. ಅದೇ ಅಪಾಯ.

2018 ನೆನಪಿದೆಯಾ? ನೀನು ಆಗ ಕಾಲೇಜಿನಲ್ಲಿದ್ದೆ, ನಿನಗೆ ಯಾರೂ ಪೂರ್ತಿ ಹೇಳಿರಲಿಕ್ಕಿಲ್ಲ. ಆ ಫೆಬ್ರವರಿಯಲ್ಲಿ 62ಕ್ಕೆ 24 ಜನ ಜಡ್ಜ್‌ಗಳು ಉಳಿದಿದ್ದರು. ಬೆಂಗಳೂರಿನಲ್ಲಿ ವಕೀಲರು ಕೋರ್ಟ್ ಕೆಲಸ ಬಿಟ್ಟು ಸರದಿ ಉಪವಾಸ ಕೂತರು. ಅದೇ ತಿಂಗಳು ಐದು ಜನ ಹೊಸಬರು ಪ್ರಮಾಣ ವಚನ ತೆಗೆದುಕೊಂಡರು. ಐದೇ. ಮೇ 12ಕ್ಕೆ ವಿಧಾನಸಭೆ ಎಲೆಕ್ಷನ್. ಇಲ್ಲಿ ಒಂದು ಪಕ್ಷದ ಸರ್ಕಾರ, ದೆಹಲಿಯಲ್ಲಿ ಇನ್ನೊಂದರದ್ದು. ಕೇಳಿದರೆ ಇವರು ಅವರ ಕಡೆ ಬೆರಳು ತೋರಿಸುವುದು, ಅವರು ಕೊಲಿಜಿಯಂ, ಅಂದರೆ ಹೊಸ ಜಡ್ಜ್‌ಗಳನ್ನು ಆರಿಸುವ ಹಿರಿಯ ಜಡ್ಜ್‌ಗಳ ಕೂಟದ ಕಡೆ ತೋರಿಸುವುದು.

ನಮ್ಮ ಮಂಡ್ಯದ ಸೈಟಿನ ಕೇಸು ಆಗ ಹೈಕೋರ್ಟಿನಲ್ಲಿತ್ತು. ಅತ್ತೆಯ ಕಾಲದ ಸೈಟು, ಎಲ್ಲರಿಗೂ ಗೊತ್ತು. ಕೆಳಗಿನ ಎರಡೂ ಕೋರ್ಟಿನಲ್ಲಿ ನಮಗೆ ವಿರುದ್ಧ ಆಗಿತ್ತು. ಹೈಕೋರ್ಟಿನಲ್ಲಿ ಅಪೀಲು ಹಾಕಿ, ಇದ್ದದ್ದು ಇದ್ದ ಹಾಗೇ ಇರಬೇಕು ಅಂತ ಒಂದು ಆದೇಶ ತಂದಿದ್ದೆವು. ಸ್ಟೇ ಸ್ಟೇ ಅಂತ ಮನೆಯಲ್ಲಿ ಎಲ್ಲರೂ ಕುಣಿದಿದ್ದೇ. ಅದರಲ್ಲಿ 'ಮುಂದಿನ ವಾಯಿದೆವರೆಗೆ' ಅಂತ ಒಂದು ಸಾಲಿತ್ತು. ವಾಯಿದೆ ದಿನ ಕೇಸು ಬೋರ್ಡಿಗೆ ಬರಲಿಲ್ಲ, ಜಡ್ಜ್ ಇಲ್ಲ. ಆದೇಶ ಮುಂದುವರಿಸಲು ಒಂದು ಅರ್ಜಿ ಹಾಕೋಣ ಅಂತ ವಕೀಲರು ಫೋನ್ ಮಾಡಿದರು. ಅದೇ ಹೊತ್ತಿಗೆ ಒಬ್ಬ ಮನೆಗೆ ಬಂದ. ಯಾವ ಪಕ್ಷ, ಯಾರ ಕಡೆ ಅಂತ ಹೇಳುವುದಿಲ್ಲ, ಅವನ ಮಕ್ಕಳೂ ಈಗ ಇದೇ ಊರಿನಲ್ಲಿ ಬಾಳುತ್ತಿದ್ದಾರೆ. ಬಿಳಿ ಶರ್ಟು, ಎರಡು ಫೋನು. ನನ್ನ ಕೈಯಲ್ಲೇ ಕಾಫಿ ಕುಡಿದ. "ಸಾರ್, ಕೇಳೋಕೆ ಜಡ್ಜೇ ಇಲ್ಲ, ಯಾಕೆ ಅರ್ಜಿ ಗಿರ್ಜಿ? ಮೇ ಆಗಲಿ. ನಮ್ಮೋರು ಬರ್ತಾರೆ, ಜಡ್ಜ್ ಲಿಸ್ಟು ನಮ್ಮ ಟೇಬಲ್ ಮೇಲೇ ಹೋಗೋದು. ನಿಮ್ಮ ಫೈಲು ಮೊದಲನೇದು" ಅಂದ. ನಿಮ್ಮ ದೊಡ್ಡಪ್ಪ ನಂಬಿದರು. ಇದೆಲ್ಲ ಆಗುವ ಮಾತಲ್ಲ ಅಂತ ನಾನು ಅಡುಗೆಮನೆಯಿಂದಲೇ ಹೇಳಿದೆ. ಟೀಚರ್ ಕೆಲಸ ಮಾಡಿ ರಿಟೈರ್ ಆದವಳ ಮಾತು ಆ ಮನೆಯಲ್ಲಿ ಯಾರಿಗೆ ಬೇಕಿತ್ತು.

ಓಟು ಹಾಕಿದ್ದು ಶನಿವಾರ. ಭಾನುವಾರ ಬೆಳಿಗ್ಗೆ ಸೈಟಿಗೆ ಜೆಸಿಬಿ ಬಂತು. ಎಂಥ ಲೆಕ್ಕಾಚಾರ ನೋಡು. ಹೈಕೋರ್ಟಿಗೆ ಬೇಸಿಗೆ ರಜೆ. ಪೊಲೀಸರೆಲ್ಲ ಮತಯಂತ್ರ ಕಾಯುವುದಕ್ಕೆ ಹೋಗಿದ್ದಾರೆ. ನಾವು ಆಟೋ ಹಿಡಿದು ಹೋಗುವಷ್ಟರಲ್ಲಿ ದಾಸವಾಳದ ಬೇಲಿ ಪೂರ್ತಿ ಮಗುಚಿ ಬಿದ್ದಿತ್ತು, ಬೇರಿನ ತುಂಬಾ ಕೆಂಪು ಮಣ್ಣು. ದೊಡ್ಡಪ್ಪ ಆದೇಶದ ಕಾಪಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎದೆಗೆ ಒತ್ತಿಕೊಂಡು ಜೆಸಿಬಿ ಮುಂದೆ ನಿಂತರು. ಎಷ್ಟೋ ಹೊತ್ತಿನ ಮೇಲೆ ಒಬ್ಬ ಪೇದೆ ಬಂದ. ಪಾಪ, ನಿದ್ದೆಗೆಟ್ಟ ಮುಖ. ಕಾಪಿ ತೆಗೆದುಕೊಂಡು ಓದಿದ. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟ. ಆ ಬೆರಳಿನಲ್ಲಿ ಓಟಿನ ಶಾಯಿ ಇನ್ನೂ ಕಪ್ಪಗೆ ಇತ್ತು. "ಇದರ ಡೇಟ್ ಮುಗಿದು ಹೋಗಿದೆಯಲ್ಲ ಸ್ವಾಮಿ" ಅಂದ. ಅಷ್ಟೇ. ಸಂಜೆ ಹೊತ್ತಿಗೆ ಪಾಯದ ಕಲ್ಲು ಬಿದ್ದಿತ್ತು.

ಅದಕ್ಕೇ ಹೇಳುವುದು ಪ್ರದೀಪ. ಎಲೆಕ್ಷನ್ ಆದಮೇಲೆ ನೋಡ್ಕೋತೀವಿ ಅಂದವರನ್ನು ನಂಬಿ ಕೂರಬೇಡ.

ಬಿಳಿ ಶರ್ಟಿನವನು ಆಮೇಲೆ ಫೋನ್ ಎತ್ತಲಿಲ್ಲ. ಎಲ್ಲಿ ಎತ್ತುತ್ತಾನೆ, ಅವನ ನಾಯಕರೆಲ್ಲ ರೆಸಾರ್ಟ್ ವ್ಯವಹಾರದಲ್ಲಿದ್ದರು. ಮೇ 15ಕ್ಕೆ ಫಲಿತಾಂಶ ಬಂತು, ಯಾರಿಗೂ ಬಹುಮತ ಇಲ್ಲ. ಯಾರು ಮುಖ್ಯಮಂತ್ರಿ ಆಗಬೇಕು ಅಂತ 17ರ ಬೆಳಗಿನ ಜಾವ ಎರಡು ಗಂಟೆಗೆ ಸುಪ್ರೀಂ ಕೋರ್ಟು ಬಾಗಿಲು ತೆಗೆದು ಕೂತಿತು. ಮೂರು ಜನ ಜಡ್ಜ್‌ಗಳು, ಬೆಳಕು ಹರಿಯುವ ತನಕ ವಾದ. ನಾನು ಟಿವಿ ಮುಂದೆ ಕೂತು ನೋಡುತ್ತಿದ್ದೆ. ದೊಡ್ಡಪ್ಪ ಎದ್ದು ಒಳಗೆ ಹೋದರು. ನಮ್ಮ ಅಪೀಲಿಗೆ ಹಗಲಿನಲ್ಲಿ ಹತ್ತು ನಿಮಿಷ ಸಿಕ್ಕಿರಲಿಲ್ಲ.

ಇನ್ನು ಆ 'ಲಿಸ್ಟು ನಮ್ಮ ಟೇಬಲ್ ಮೇಲೇ ಹೋಗೋದು' ಅನ್ನುವ ಮಾತು. ಅದನ್ನೂ ಕೇಳು, ನಿನಗೂ ಇದನ್ನೇ ಹೇಳಿರುತ್ತಾರೆ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತೆ ಇಬ್ಬರು ಹಿರಿಯ ಜಡ್ಜ್‌ಗಳು ಸೇರಿ ಹೆಸರು ಬರೆಯುತ್ತಾರೆ. ಸೀಟು ಖಾಲಿಯಾಗುವ ಆರು ತಿಂಗಳು ಮುಂಚೆಯೇ ಬರೆಯಬೇಕು ಅಂತ ಪದ್ಧತಿ. ಜಡ್ಜ್ 62 ವರ್ಷಕ್ಕೆ ರಿಟೈರ್ ಆಗುವುದು ಮೊದಲೇ ಗೊತ್ತಿರುತ್ತದಲ್ಲ, ಆದರೂ ತಡವಾಗುತ್ತದೆ. ಆ ಹೆಸರುಗಳು ಮುಖ್ಯಮಂತ್ರಿಗೆ, ರಾಜ್ಯಪಾಲರಿಗೆ ಹೋಗುತ್ತವೆ. ಅಲ್ಲಿಂದ ದೆಹಲಿಯ ಕಾನೂನು ಇಲಾಖೆ. ಅವರು ಗುಪ್ತಚರದವರಿಂದ ವಿಚಾರಣೆ ಮಾಡಿಸುತ್ತಾರೆ. ಆಮೇಲೆ ಸುಪ್ರೀಂ ಕೋರ್ಟಿನ ಕೊಲಿಜಿಯಂ. ಅಲ್ಲಿ ಒಪ್ಪಿದರೆ ಮತ್ತೆ ಸರ್ಕಾರಕ್ಕೆ, ಕೊನೆಗೆ ರಾಷ್ಟ್ರಪತಿ ಸಹಿ. ರಾಜ್ಯದವರು ಅಭಿಪ್ರಾಯ ಹೇಳಬಹುದು, ಅಷ್ಟೇ. ಇಷ್ಟು ಮೆಟ್ಟಿಲು ಹತ್ತಿ ಬರುವ ಫೈಲನ್ನು ಮಂಡ್ಯದ ಒಬ್ಬ ಪುಢಾರಿ ತಳ್ಳುತ್ತಾನಾ? ತಳ್ಳಿ ಒಬ್ಬ ಜಡ್ಜ್ ಬಂದರೂ ನಿನ್ನ ಕೇಸು ಅವರ ಮುಂದೇ ಬರುತ್ತದೆ ಅಂತ ಏನು ಗ್ಯಾರಂಟಿ? ಯಾವ ಕೇಸು ಯಾರ ಮುಂದೆ ಅಂತ ಹಂಚುವುದು ಮುಖ್ಯ ನ್ಯಾಯಮೂರ್ತಿ.

ತಳ್ಳುವುದು ಕಷ್ಟ, ತಡೆಯುವುದು ಸುಲಭ. ಇದು ಮಾತ್ರ ನಿಜ. ಬೇಡ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಫೈಲ್ ಇಟ್ಟುಕೊಂಡು ಸುಮ್ಮನಿದ್ದರೆ ಸಾಕು. ನೇಮಕಕ್ಕೆ ಬೇರೆ ಆಯೋಗ ಮಾಡುತ್ತೇವೆ ಅಂತ ಸರ್ಕಾರ ತಂದ ಕಾನೂನನ್ನು 2015ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಹೊಡೆದು ಹಾಕಿತು. ಅವತ್ತಿನಿಂದ ಇಬ್ಬರಿಗೂ ಮುನಿಸು. ಅದೇ 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಅವರದ್ದು ಏನಾಯಿತು? ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಜಡ್ಜ್ ಪೋಸ್ಟಿಗೆ ಕೊಲಿಜಿಯಂ ಎರಡು ಹೆಸರು ಒಟ್ಟಿಗೆ ಕಳಿಸಿತು, ಇಂದು ಮಲ್ಹೋತ್ರಾ ಮತ್ತು ಜೋಸೆಫ್. ಏಪ್ರಿಲ್‌ನಲ್ಲಿ ಆ ಹೆಣ್ಣುಮಗಳ ಹೆಸರು ಪಾಸ್, ಇವರದ್ದು ವಾಪಸ್. ಉತ್ತರಾಖಂಡದ ರಾಷ್ಟ್ರಪತಿ ಆಳ್ವಿಕೆಯನ್ನು 2016ರಲ್ಲಿ ರದ್ದು ಮಾಡಿದ್ದು ಇವರೇ, ಅದಕ್ಕೇ ಅಂತ ಎಲ್ಲರೂ ಆಡಿಕೊಂಡರು. ಸೀನಿಯಾರಿಟಿ, ಕೇರಳಕ್ಕೆ ಆಗಲೇ ಒಂದು ಸೀಟಿದೆ ಅಂತ ಸರ್ಕಾರ ಬೇರೆ ಕಾರಣ ಕೊಟ್ಟಿತು. ಮತ್ತೆ ಕಳಿಸಿದ ಮೇಲೆ ಆಗಸ್ಟ್‌ನಲ್ಲಿ ಪ್ರಮಾಣ ವಚನ ಆಯಿತು. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಫೈಲಿಗೇ ಈ ಗತಿ.

ಅಮೆರಿಕದಲ್ಲಿ ಹೀಗಿಲ್ಲ ದೊಡ್ಡಮ್ಮ, ಎಲ್ಲಾ ಓಪನ್ ಅಂತ ವಿನಯ್ ಕೆಳಗೆ ಬರೆದಿದ್ದಾನೆ. ಓಪನ್ ಹೌದಪ್ಪ, ನಾಚಿಕೆಯೂ ಓಪನ್. 2016ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಜಡ್ಜ್ ಸ್ಕಾಲಿಯಾ ತೀರಿಕೊಂಡರು. ಒಬಾಮ ಮಾರ್ಚ್‌ನಲ್ಲಿ ಗಾರ್ಲೆಂಡ್ ಹೆಸರು ಕಳಿಸಿದರೆ, ಇದು ಎಲೆಕ್ಷನ್ ವರ್ಷ, ಜನ ತೀರ್ಮಾನ ಮಾಡಲಿ ಅಂತ ಆ ಹೆಸರನ್ನು ಒಪ್ಪಬೇಕಾದ ಸೆನೆಟ್ಟಿನ ಬಹುಮತ ಪಕ್ಷದ ನಾಯಕ ಮೆಕಾನಲ್ ಒಂದು ವಿಚಾರಣೆಯನ್ನೂ ನಡೆಸಲಿಲ್ಲ. ವರ್ಷ ಪೂರ್ತಿ ಆ ಕುರ್ಚಿ ಖಾಲಿ. ಒಂಬತ್ತು ಜನ ಇರಬೇಕಾದ ಕಡೆ ಎಂಟು ಜನ, ನಾಲ್ಕು ನಾಲ್ಕು ಸಮ ಆಗಿ ಕೆಲವು ಕೇಸಿನಲ್ಲಿ ಕೆಳಗಿನ ಕೋರ್ಟಿನ ತೀರ್ಪೇ ಉಳಿಯಿತು. ವಲಸಿಗರದ್ದೂ ಒಂದು ಅದರಲ್ಲಿತ್ತು, ವಿನಯ್, ನಿನಗೇ ಗೊತ್ತಿರಬೇಕು. ಅದೇ ಮೆಕಾನಲ್ 2020ರಲ್ಲಿ ಏನು ಮಾಡಿದರು? ಸೆಪ್ಟೆಂಬರ್ 18ಕ್ಕೆ ಅದೇ ಕೋರ್ಟಿನ ಜಡ್ಜ್ ಗಿನ್ಸ್‌ಬರ್ಗ್ ತೀರಿಕೊಂಡರು, ನವೆಂಬರ್ 3ಕ್ಕೆ ಎಲೆಕ್ಷನ್, ಅಕ್ಟೋಬರ್ 26ಕ್ಕೆ ಬ್ಯಾರೆಟ್ ಅವರನ್ನು ಕೂರಿಸಿಯೇ ಬಿಟ್ಟರು. ಆಗ ಜನ ತೀರ್ಮಾನ ಮಾಡುವುದು ಬೇಡವಾಯಿತು. ಅಲ್ಲಿ ಯಾರು ತಡೆದರು ಅಂತ ಹೆಸರಾದರೂ ಗೊತ್ತಾಗುತ್ತದೆ, ಇಲ್ಲಿ ಫೈಲ್ ಯಾವ ಮೇಜಿನ ಮೇಲಿದೆ ಅಂತಲೂ ಗೊತ್ತಾಗುವುದಿಲ್ಲ. ವ್ಯತ್ಯಾಸ ಅಷ್ಟೇ.

ಎಲ್ಲಿದ್ದೆ... ಹಾಂ, ಸೈಟು. ಜೂನ್‌ನಲ್ಲಿ ಕೋರ್ಟ್ ಶುರುವಾದ ಮೇಲೆ ಮತ್ತೆ ಆದೇಶ ಸಿಕ್ಕಿತು. ಅಷ್ಟರಲ್ಲಿ ಗೋಡೆ ಎದ್ದಿತ್ತು. ಇದ್ದದ್ದು ಇದ್ದ ಹಾಗೇ ಅಂದರೆ ಗೋಡೆಯೂ ಇದ್ದ ಹಾಗೇ. ಕೊನೆಗೆ ಅರ್ಧಕ್ಕರ್ಧ ರಾಜಿ ಆಯಿತು. ರಜೆಯಲ್ಲೂ ರಜಾಪೀಠ ಕೂರುತ್ತದೆ, ಅರ್ಜೆಂಟ್ ಇದ್ದರೆ ಕೇಳುತ್ತಾರೆ ಅಂತ ವಕೀಲರು ಆಮೇಲೆ ಹೇಳಿದರು. ದೊಡ್ಡಪ್ಪ ಈಗಲೂ ಆ ರಸ್ತೆಯಲ್ಲಿ ಹೋಗುವುದಿಲ್ಲ, ಸುತ್ತಿಕೊಂಡು ಹೋಗುತ್ತಾರೆ.

ಇನ್ನೊಂದು ಸಲ ಹೇಳುತ್ತೇನೆ, ಬೇಜಾರಾದರೂ ಕೇಳು. ಎಲೆಕ್ಷನ್ ಆಗಲಿ ಅಂದವರನ್ನು ನಂಬಿ ಕೂರಬೇಡ. ಅವರಿಗೆ ಬೇಕಾಗಿರುವುದು ನಿನ್ನ ಮನೆಯ ಓಟು. ಹೆದರಿಕೊಂಡು ರಾಜಿಗೂ ಹೋಗಬೇಡ. ನೀನು ಕಾಯುತ್ತಿದ್ದೀಯ ಅಂತ ಗೊತ್ತಾದರೆ ಎದುರು ಪಾರ್ಟಿ ರೇಟು ಇಳಿಸುತ್ತಾನೆ.

ಖರ್ಚಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾಲೆ ಪಕ್ಕದ ಜಮೀನಿನಲ್ಲಿ ಪಾಲು ಅಂದರೆ ಈ ಗ್ರೂಪಿನಲ್ಲಿ ಎಲ್ಲರಿಗೂ ಕಿವಿ ನೆಟ್ಟಗಾಗುತ್ತದೆ. ವಕೀಲರ ಫೀಸು ಅಂದರೆ ಬರೀ ನೀಲಿ ಟಿಕ್. ನಿಮ್ಮಪ್ಪ ಪಾಪ, ಮೊದಲಿನಿಂದಲೂ ಒಬ್ಬನೇ ಕಟ್ಟಿಕೊಂಡು ಬಂದ. ಕಬ್ಬಿನ ದುಡ್ಡು ಬಂದಿದ್ದೇ ಅರ್ಧ ಕೋರ್ಟಿಗೆ. ಕತ್ತಲಲ್ಲೇ ಎದ್ದು ಪಾಂಡವಪುರ ಸ್ಟೇಷನ್ನಿಗೆ ಹೋಗಿ ರೈಲು ಹಿಡಿದು, ಬೆಂಗಳೂರಿನ ಬಿಸಿಲಲ್ಲಿ ಕಾದು, ಇವತ್ತು ಬೋರ್ಡಿಗೆ ಬರಲಿಲ್ಲ ಅಂತ ರಾತ್ರಿ ವಾಪಸ್ ಬರುತ್ತಿದ್ದ. ಬೆಂಗಳೂರಿನಲ್ಲಿ ಮೂರು ಬೆಡ್‌ರೂಮಿನ ಮನೆ ಇರುವವರು ಈ ಗ್ರೂಪಿನಲ್ಲೇ ಇದ್ದಾರೆ. ಒಂದು ದಿನ "ಊಟಕ್ಕೆ ಬಾ" ಅನ್ನಲಿಲ್ಲ. ಹೆಸರು ಹೇಳುವುದಿಲ್ಲ. ತಿಥಿ ಊಟಕ್ಕೆ ಮಾತ್ರ ಕಾರಿನಲ್ಲಿ ಬಂದು ಪಾಯಸ ಸಿಹಿ ಕಮ್ಮಿ ಅಂದರು.

ತಿಥಿ ಅಂದೆ ನೋಡು. ಅಯ್ಯೋ, ಮುಖ್ಯ ವಿಷಯವೇ ಬಿಟ್ಟು ಹೋಗುತ್ತಿತ್ತು.

ಆ ಅಪೀಲು ಇರುವುದು ನಿಮ್ಮಪ್ಪನ ಹೆಸರಿನಲ್ಲಿ ಅಲ್ವಾ? ಅವನು ಹೋಗಿಬಿಟ್ಟ ಅಂತ ಕೋರ್ಟಿಗೆ ತಿಳಿಸಿದ್ದೀರಾ? ಪಾರ್ಟಿ ತೀರಿಕೊಂಡರೆ 90 ದಿನದ ಒಳಗೆ ವಾರಸುದಾರರನ್ನು ಕೇಸಿಗೆ ಸೇರಿಸಲು ಅರ್ಜಿ ಹಾಕಬೇಕು. ಲೆಕ್ಕ ಸತ್ತ ದಿನದಿಂದ, ತಿಥಿಯಿಂದ ಅಲ್ಲ. ಹಾಕದಿದ್ದರೆ ಅಪೀಲು ತಾನಾಗೇ ಬಿದ್ದು ಹೋಗುತ್ತದೆ. ಅದಕ್ಕೆ ಜಡ್ಜ್ ಬೇಕಾಗಿಲ್ಲ, ಎಲೆಕ್ಷನ್ ಬೇಕಾಗಿಲ್ಲ. ಬಿದ್ದದ್ದನ್ನು ಎತ್ತಲು ಇನ್ನೊಂದು 60 ದಿನ ಕೊಡುತ್ತಾರೆ, ಅದೂ ದಾಟಿದರೆ ತಡ ಯಾಕಾಯಿತು ಅಂತ ಪ್ರತಿಯೊಂದಕ್ಕೂ ಕಾರಣ ಕೊಡಬೇಕು. ಎಷ್ಟು ಸೀಟು ಖಾಲಿ ಇದ್ದರೂ ಅರ್ಜಿ ತೆಗೆದುಕೊಳ್ಳುವ ಕೌಂಟರ್ ತೆರೆದೇ ಇರುತ್ತದೆ.

ಇವತ್ತೇ ವಕೀಲರಿಗೆ ಫೋನ್ ಮಾಡು. ಮರಣ ಪ್ರಮಾಣಪತ್ರ ಇದೆ, ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಅರ್ಜಿ ಕೊಡು, ಎಲ್ಲರ ಆಧಾರ್ ಜೆರಾಕ್ಸ್ ತೆಗೆದಿಡು. ನಿಮ್ಮ ಸ್ಟೇ ಆದೇಶದ ಕೊನೆಯ ಸಾಲನ್ನು ಫೋಟೋ ತೆಗೆದು ನನಗೆ ಒಬ್ಬಳಿಗೇ ಕಳಿಸು, ಇಲ್ಲಿ ಹಾಕಬೇಡ. 'ಮುಂದಿನ ಆದೇಶದವರೆಗೆ' ಅಂತಿದ್ದರೆ ಸರಿ, 'ಮುಂದಿನ ವಾಯಿದೆವರೆಗೆ' ಅಂತಿದ್ದರೆ ಅದಕ್ಕೂ ಒಂದು ಅರ್ಜಿ ಜೊತೆಯಲ್ಲೇ ಹೋಗಲಿ. ವಾರಸುದಾರರು ಅಂದರೆ ನೀನು, ನಿಮ್ಮಮ್ಮ ಮಾತ್ರ ಅಲ್ಲ, ಮದುವೆಯಾಗಿ ಹೋದ ಇಬ್ಬರು ಅಕ್ಕಂದಿರೂ ಸೇರುತ್ತಾರೆ. ಹಾಸನದವಳು ಸೀರೆ ವಿಷಯಕ್ಕೆ ಮುನಿಸಿಕೊಂಡಿದ್ದಾಳೆ ಅಂತ ಗೊತ್ತು. ಅವಳು ವಕಾಲತ್ತಿಗೆ ಸಹಿ ಹಾಕದೇ ಇದ್ದರೂ ಹೆಸರು ಬಿಡುವ ಹಾಗಿಲ್ಲ, ಎದುರುಗಡೆಯಾದರೂ ಸೇರಿಸಲೇಬೇಕು. ಆದರೆ ಅಲ್ಲಿವರೆಗೂ ಯಾಕೆ, ಮಧ್ಯಾಹ್ನ ಗಂಡ ಆಫೀಸಿಗೆ ಹೋದಮೇಲೆ ನೀನೇ ಫೋನ್ ಮಾಡಿ ಮಾತಾಡು. ಕೇಳದಿದ್ದರೆ ನನಗೆ ಹೇಳು, ಆ ಸೀರೆ ನನ್ನ ಬೀರುವಿನಲ್ಲೇ ಇದೆ.