ಸ್ವಿಚ್ ಬೋರ್ಡ್ ನಡುಮನೆಯಲ್ಲಿ, ಬಲ್ಬ್ ಕೊಟ್ಟಿಗೆಯಲ್ಲಿ: ಎಐಗೆ ಇದನ್ನು ಹೇಗೆ ಹೇಳುವುದು?

ಪ್ರಶ್ನೆ: ಶಿವಮೊಗ್ಗ_ತೀರ್ಥಹಳ್ಳಿ_ಬಸ್ಸು

ನಾನಿರುವುದು ಶಿವಮೊಗ್ಗದಲ್ಲಿ. ಅಪ್ಪ ಅಮ್ಮ ತೀರ್ಥಹಳ್ಳಿ ಹತ್ತಿರದ ಊರಲ್ಲಿ. ಹಳೇ ಹೆಂಚಿನ ಮನೆ, ಪಕ್ಕಕ್ಕೇ ಕೊಟ್ಟಿಗೆ. ಹೋದ ದೀಪಾವಳಿಗೆ ಹೋದಾಗ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು, ಲೈಟು ಸ್ವಿಚ್ಚುಗಳನ್ನು ಫೋನಿಂದಲೇ ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ ಹಾಕಿದೆ. ಒಟ್ಟು 31 ಸಾಧನ. ಹೆಸರೆಲ್ಲ ಸ್ವಿಚ್ 1, ಸ್ವಿಚ್ 2 ಅಂತಲೇ ಉಳಿದಿತ್ತು. ಸೋಮಾರಿತನ, ಇನ್ನೇನು.

ಮೊನ್ನೆ ಎಂಸಿಪಿ (ಎಐಗೆ ಬೇರೆ ತಂತ್ರಾಂಶ ಬಳಸಲು ಬಿಡುವ ಕೊಂಡಿ) ಮೂಲಕ ಒಂದು ಎಐ ಆ್ಯಪ್ ಜೋಡಿಸಿ, "ಎಲ್ಲದಕ್ಕೂ ಜಾಗದ ಹೆಸರು ಹಾಕು" ಎಂದೆ. "31ಕ್ಕೂ ಹಾಕಿದ್ದೇನೆ" ಎಂದಿತು. ತೆಗೆದು ನೋಡಿದರೆ ಒಂದಕ್ಕೂ ಹಾಕಿಲ್ಲ! ಆಮೇಲೆ ಯಾರೋ ಬರೆದ ಬೇರೆ ಎಂಸಿಪಿ ಸರ್ವರ್ ಹಾಕಿದೆ. ಅದು ನಿಜಕ್ಕೂ ಹಾಕಿತು. ಆದರೆ ಜಗಲಿ ಬಾಲ್ಕನಿ ಆಯ್ತು, ಬಚ್ಚಲು ಟಾಯ್ಲೆಟ್ ಆಯ್ತು, ಕೊಟ್ಟಿಗೆ ಗ್ಯಾರೇಜ್!

ಅದನ್ನೆಲ್ಲ ಕೈಯಲ್ಲೇ ತಿದ್ದಿದೆ. ನಿಜವಾದ ತೊಂದರೆ ಬೇರೆ. ನಡುಮನೆ ಗೋಡೆಯಲ್ಲಿ ನಾಲ್ಕು ಚಾನೆಲ್‌ನ ಒಂದು ರಿಲೇ (ಲೈಟು ಹೊತ್ತಿಸಿ ಆರಿಸುವ ಪೆಟ್ಟಿಗೆ) ಇದೆ. ಎರಡು ನಡುಮನೆಗೆ, ಒಂದು ಜಗಲಿಗೆ, ಒಂದು ಕೊಟ್ಟಿಗೆಗೆ. ಎಐ ನಾಲ್ಕಕ್ಕೂ "ನಡುಮನೆ" ಎಂದು ಹಾಕಿಬಿಟ್ಟಿದೆ. ಸಂಜೆ ಟಿವಿ ನೋಡುತ್ತಿದ್ದ ಅಪ್ಪ ಫೋನಿಗೆ "ನಡುಮನೆ ಲೈಟ್ ಆರಿಸು" ಎಂದರು. ಅಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಕತ್ತಲಾಗಿದ್ದೇ ದನ ಒದ್ದು ಚೊಂಬು ಉರುಳಿತು. ನನಗೆ ಫೋನಲ್ಲಿ ಬಂದ ಬೈಗುಳ ಇಲ್ಲಿ ಬರೆಯಲಾರೆ. ಸಾಧನ ಇರುವ ಜಾಗ, ಅದು ಬೆಳಗುವ ಜಾಗ ಬೇರೆಬೇರೆ ಇದ್ದರೆ ಏನು ಮಾಡುತ್ತೀರಿ?

ಉತ್ತರ: ಸಾಗರದ_ಮಳೆ

ಹೋಮ್ ಅಸಿಸ್ಟೆಂಟ್‌ನಲ್ಲಿ ಸಾಧನಕ್ಕೆ ಒಂದೇ ಏರಿಯಾ (ಜಾಗ) ಸಿಗುವುದು. ಆದರೆ ಅದರೊಳಗಿನ ಒಂದೊಂದು ಎಂಟಿಟಿಗೂ (ನಿಮ್ಮ ರಿಲೇಯಲ್ಲಾದರೆ ಒಂದೊಂದು ಚಾನೆಲ್‌ಗೂ) ಬೇರೆ ಏರಿಯಾ ಕೊಡಬಹುದು. ಕೊಡದಿದ್ದರೆ ಸಾಧನದ್ದೇ ಬರುತ್ತದೆ, ನಿಮಗಾಗಿರುವುದು ಅದೇ. ರಿಲೇ ನಡುಮನೆಯಲ್ಲೇ ಇರಲಿ. ಮೂರನೇ ಚಾನೆಲ್ ತೆಗೆದು ಏರಿಯಾ ಜಗಲಿ ಮಾಡಿ, ನಾಲ್ಕನೆಯದಕ್ಕೆ ಕೊಟ್ಟಿಗೆ. ಅಷ್ಟೇ.

ಲೇಬಲ್ ಬೇರೆ ವಿಷಯ, ಏರಿಯಾ ಜೊತೆ ಕಲಸಬೇಡಿ. 2024ರ ಏಪ್ರಿಲ್ ಆವೃತ್ತಿಯಲ್ಲಿ ಫ್ಲೋರ್ ಮತ್ತು ಲೇಬಲ್ ಬಂದವು. ಒಂದು ವಸ್ತುವಿಗೆ ಎಷ್ಟು ಲೇಬಲ್ ಬೇಕಾದರೂ ಹಾಕಬಹುದು. ನಾನು "ಯುಪಿಎಸ್ ಮೇಲೆ ಇದೆ" ಅಂತ ಒಂದು ಲೇಬಲ್ ಇಟ್ಟಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವುದು ಉಳಿಯುತ್ತದೆ ಎಂದು ತಕ್ಷಣ ಗೊತ್ತಾಗುತ್ತದೆ. ಜಾಗಕ್ಕೆ ಏರಿಯಾ, ಉಳಿದ ಗುಣಗಳಿಗೆಲ್ಲ ಲೇಬಲ್.

ಉತ್ತರ: ಕೋಡು_ಕುಡುಗೋಲು

ಮೊದಲ ಸಲ ಅದು ಸುಳ್ಳು ಹೇಳಿದ್ದು ಯಾಕೆ ಅಂದರೆ, ಅದರ ಕೈಯಲ್ಲಿ ಆ ಸಲಕರಣೆಯೇ ಇರಲಿಲ್ಲ. ಹೋಮ್ ಅಸಿಸ್ಟೆಂಟ್ ಜೊತೆಗೇ ಬರುವ ಎಂಸಿಪಿ ಸರ್ವರ್, ಧ್ವನಿ ಸಹಾಯಕ ಅಸಿಸ್ಟ್‌ನ ಕೆಲಸಗಳನ್ನಷ್ಟೇ ಕೊಡುತ್ತದೆ: ಹೊತ್ತಿಸು, ಆರಿಸು, ಸ್ಥಿತಿ ಹೇಳು. ಅದೂ ನೀವು ಅಸಿಸ್ಟ್‌ಗೆ ತೆರೆದಿಟ್ಟ ಎಂಟಿಟಿಗಳಿಗೆ ಮಾತ್ರ. ಏರಿಯಾ ಬದಲಿಸುವುದು ಯಜಮಾನನ ಕೆಲಸ, ಅದು ವೆಬ್‌ಸಾಕೆಟ್ ಎಂಬ ಸಂಪರ್ಕದ ಮೂಲಕ ರಿಜಿಸ್ಟ್ರಿಗೆ, ಅಂದರೆ ಸಾಧನಗಳ ದಾಖಲೆ ಪಟ್ಟಿಗೆ, ಹೋಗಬೇಕು. ನೀವು ಆಮೇಲೆ ಹಾಕಿದ ಸರ್ವರ್ ಅದನ್ನೇ ಮಾಡುತ್ತಿರಬೇಕು. ಅಂದರೆ ಅದಕ್ಕೆ ಅಡ್ಮಿನ್ ಟೋಕನ್, ಅಂದರೆ ಎಲ್ಲವನ್ನೂ ಬದಲಿಸಬಲ್ಲ ಕೀಲಿ, ಕೊಟ್ಟಿದ್ದೀರಿ. ಮೊದಲು ಬ್ಯಾಕಪ್ ತೆಗೆದಿಡಿ ಮಾರಾಯ್ರೆ.

ಇನ್ನೊಂದು. "ಹಾಕು" ಅನ್ನಬೇಡಿ. "ಪಟ್ಟಿ ಮಾಡಿ ತೋರಿಸು, ಒಪ್ಪಿದ ಮೇಲೆ ಹಾಕು, ಹಾಕಿದ ಮೇಲೆ ಮತ್ತೆ ಓದಿ ತೋರಿಸು" ಎನ್ನಿ. ಸ್ವಿಚ್ 3 ಎಂಬ ಹೆಸರು ನೋಡಿ ಅದಕ್ಕೆ ಕೊಟ್ಟಿಗೆ ಹೇಗೆ ಗೊತ್ತಾಗಬೇಕು? ಒಂದೊಂದೇ ಹೊತ್ತಿಸಿ, ಎಲ್ಲಿ ಬೆಳಕಾಯ್ತು ಎಂದು ಮನೆಯವರನ್ನು ಕೇಳಿ ಬರೆದುಕೊಳ್ಳುವುದೇ ದಾರಿ.

ಉತ್ತರ: ಅಡಿಕೆ_ಚೊಗರು

ತೋಟದ ಮೋಟರ್ ಇದ್ದರೆ ಅದನ್ನು ಅಸಿಸ್ಟ್‌ಗೆ ತೆರೆದಿಡಬೇಡಿ. ಹಳ್ಳದಲ್ಲಿ ನೀರಿಲ್ಲದಾಗ ಹೊತ್ತಿಸಿಬಿಟ್ಟರೆ ಪಂಪು ಸುಟ್ಟೇ ಹೋಗುತ್ತದೆ. ಲೈಟು ತಪ್ಪಾದರೆ ಹಾಲು ಚೆಲ್ಲಬಹುದು, ಅಷ್ಟೇ.

ಮತ್ತೆ ಶಿವಮೊಗ್ಗ_ತೀರ್ಥಹಳ್ಳಿ_ಬಸ್ಸು

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಊರಿಗೆ ಹೋಗಿ ಮುಗಿಸಿ ಬಂದೆ. ಮೊದಲು ಮೋಟರನ್ನು ಅಸಿಸ್ಟ್‌ಗೆ ಕಾಣದ ಹಾಗೆ ಮುಚ್ಚಿದೆ. ನಾನು ಒಂದೊಂದೇ ಹೊತ್ತಿಸಿದೆ, ಅಮ್ಮ ಓಡಾಡಿ ಕೂಗಿ ಹೇಳಿದರು. ಆ ಪಟ್ಟಿ ಕೊಟ್ಟು, "ಹೆಸರು ಅನುವಾದ ಮಾಡಬೇಡ, ಎಂಟಿಟಿ ಐಡಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ" ಎಂದೆ. ಈ ಸಲ ಬಾಲ್ಕನಿ ಬರಲಿಲ್ಲ. ಬಚ್ಚಲಿಗೆ "ಹಂಡೆ ಒಲೆ" ಅಂತ ಇನ್ನೊಂದು ಹೆಸರನ್ನೂ ಸೇರಿಸಿದೆ, ಅಮ್ಮ ಹಾಗೇ ಹೇಳುವುದು.

ಒಂದೇ ಕಡೆ ಸಿಕ್ಕಿಕೊಂಡೆ. "ಹೊರಗಿನ ಲೈಟ್" ಅಂದರೆ ಅಮ್ಮನಿಗೆ ತುಳಸಿಕಟ್ಟೆಯದು, ಅಪ್ಪನಿಗೆ ದಣಪೆ ಹತ್ತಿರದ್ದು. ನಲವತ್ತು ವರ್ಷದಿಂದ ಹೀಗೇ ನಡೆದಿದೆ, ಯಾರಿಗೂ ಗೊತ್ತೇ ಆಗಿರಲಿಲ್ಲ. ಹಾಗಾಗಿ ಆ ಹೆಸರನ್ನು ಯಾವುದಕ್ಕೂ ಕೊಟ್ಟಿಲ್ಲ. ಹಾಗೆಂದರೆ "ಯಾವುದು?" ಎಂದು ವಾಪಸ್ ಕೇಳು ಅಂತ ಎಐಗೆ ಹೇಳಿಟ್ಟಿದ್ದೇನೆ. ಅಪ್ಪನಿಗೆ ಈಗ ಅದರ ಮೇಲೇ ಸಿಟ್ಟು.